ಸಂಜೆಯ ಸಾಡೊ

ಡೈರಿಯಲ್ಲಿ ಮೊದಲ ಪ್ರಿಂಟು ತೆಗೆದ ದಿನದ ಕೆಳಗೆ ನಾನು ಬರೆದಿರುವುದು ಎರಡೇ ಸಾಲು. "ಉಳ್ಳಾಲದ ಮದುವೆ ಫೋಟೋ. ಸೀರೆಯ ಮೇಲಿನ ಕೊಳೆ ತೆಗೆದೆ, ಕೆಂಪು ಚೆನ್ನಾಗಿ ಬಂತು." ಈಗ ಓದಿದರೆ ಎರಡನೆಯ ಸಾಲು ಕುಟುಕುತ್ತದೆ. ಅದು ಕೊಳೆಯಾಗಿರಲಿಲ್ಲ. ಅಷ್ಟು ತಿಳಿಯಲು ನನಗೆ ಐದು ವಾರ ಮತ್ತು ಎರಡು ಪ್ರಿಂಟು ಬೇಕಾಯಿತು. ಅಷ್ಟರಲ್ಲಿ ಒಬ್ಬ ಹಿರಿಯರಿಗೆ ಮರೆವಿನ ಕಾಯಿಲೆ ಎಂದು ಅವರ ಮನೆಯವರೂ ನಾನೂ ಸೇರಿ ಹೆಚ್ಚುಕಡಿಮೆ ತೀರ್ಮಾನಿಸಿಬಿಟ್ಟಿದ್ದೆವು.

ಫೋಟೋ ತಂದವರು ಆ ಮನೆಯ ಹಿರಿಯ ಮಗಳು. ಕುವೈತಿನಲ್ಲಿ ಬಹಳ ವರ್ಷ ನರ್ಸ್ ಆಗಿದ್ದು, ತಾಯಿಯ ಕಾಯಿಲೆಗೆಂದು ಬಂದು, ತಾಯಿ ತೀರಿಕೊಂಡ ಮೇಲೂ ತಂದೆಯ ಜೊತೆ ಇಲ್ಲೇ ಉಳಿದವರು. ಮಣ್ಣಗುಡ್ಡದಲ್ಲಿ ಹಳೆಯ ಫೋಟೋ ಸರಿಪಡಿಸುವ ನನ್ನ ಕೋಣೆಗೆ ಮೆಟ್ಟಿಲು ಹತ್ತಿ ಬಂದು, ಟರ್ಕಿ ಟವೆಲಿನಲ್ಲಿ ಸುತ್ತಿದ್ದ ಫ್ರೇಮನ್ನು ಮೇಜಿನ ಮೇಲಿಟ್ಟು, ಮೊದಲು ಗೋಡೆ ನೋಡಿದರು.

"ಇದೆಂತ ಮೇಡಂ, ಪ್ರೈಮರ್ ಹೊಡೆದು ಪೈಂಟರ್ ಓಡಿ ಹೋದನಾ?"

ಕೋಣೆಯ ನಾಲ್ಕೂ ಗೋಡೆಗಳು ಬೂದು ಬಣ್ಣದವು. ಹಸಿರು ಗೋಡೆಗೆ ಬಿದ್ದ ಬೆಳಕು ಹಸಿರಾಗಿಯೇ ತಿರುಗಿ ಬಂದು ಫೋಟೋದ ಮೇಲೆ ಕೂರುತ್ತದೆ, ಅದಕ್ಕೆ ಹೀಗೆ ಎಂದೆ. ಅವರು ನನ್ನ ಬೂದು ಹತ್ತಿ ಸೀರೆಯನ್ನೂ ನೋಡಿದರು. ಪ್ರಿಂಟ್ ನೋಡುವ ದಿನ ನಾನು ಬೇರೆ ಬಣ್ಣ ಉಡುವುದಿಲ್ಲ. ಅದನ್ನು ಅವರಿಗೆ ಹೇಳಲು ಹೋಗಲಿಲ್ಲ.

ಟವೆಲಿನೊಳಗೆ ಇದ್ದದ್ದು ಕಪ್ಪುಬಿಳುಪಿನ ಫೋಟೋದ ಮೇಲೆ ಕೈಯಿಂದ ಬಣ್ಣ ಹಚ್ಚಿದ ಮದುವೆಯ ಚಿತ್ರ. ಸ್ಟೂಲಿನ ಮೇಲೆ ಸೂಟು ಹಾಕಿದ ಮದುಮಗ, ಅವನ ಹೆಗಲ ಹಿಂದೆ ನಿಂತ ಮದುಮಗಳು. ಎಡ ಅಂಚನ್ನು ಬೆಳ್ಳಿಹುಳ ತಿಂದಿತ್ತು. ಮೇಲಿನಿಂದ ನೀರು ಇಳಿದು ಹಿನ್ನೆಲೆಯ ಪರದೆಯ ಮೇಲೆ ಚಹಾ ಚೆಲ್ಲಿದಂಥ ಕಲೆ. ಮುಖಗಳು ಉಳಿದಿದ್ದವು.

"ಬೆಳಿಗ್ಗೆ ಇಗರ್ಜಿಗೆ ಬಿಳಿ ಸೀರೆ, ಸಂಜೆ ಸಾಡೊ," ಎಂದರು ಮಗಳು. ಇಗರ್ಜಿ ಎಂದರೆ ಚರ್ಚು, ಸಾಡೊ ಎಂದರೆ ಮದುಮಗನ ಮನೆಯವರು ಕೊಡುವ ಕೆಂಪು ಸೀರೆ. "ಎರಡು ಸಲ ಸ್ಟುಡಿಯೋಕ್ಕೆ ಹೋದದ್ದಂತೆ. ಅದೇ ಸ್ಟೂಲು, ಅದೇ ಪರದೆ. ಬೆಳಿಗ್ಗಿನ ಫೋಟೋ ತಂಗಿ ಕೆನಡಾಕ್ಕೆ ತೆಗೆದುಕೊಂಡು ಹೋಗಿದ್ದಾಳೆ. ಇದು ಸಂಜೆಯದ್ದು. ಪಪ್ಪ ಇದರ ಕೆಳಗೆ ಕೂತೇ ತೆರ್ಸ್ ಮಾಡುವುದು, ನಾನು ಹುಟ್ಟುವ ಮೊದಲಿಂದ. ಈಗ ಇದನ್ನು ಇಳಿಸಿದ್ದಕ್ಕೆ ದಿನಾ ಕೇಳ್ತಾರೆ, ಎಲ್ಲಿ, ಎಲ್ಲಿ ಅಂತ. ಮಮ್ಮಿಯ ವರ್ಷದ ಪೂಜೆಗೆ ಮೊದಲು ಅಲ್ಲೇ ತೂಗಬೇಕು."

ತೆರ್ಸ್ ಎಂದರೆ ಮನೆಮಂದಿ ಸಂಜೆ ಸೇರಿ ಮಾಡುವ ಜಪಸರ ಪ್ರಾರ್ಥನೆ. ಫೋಟೋ ಎಲ್ಲಿ ತೂಗುತ್ತದೆ, ಯಾರು ಯಾವ ಹೊತ್ತಿನಲ್ಲಿ ಅದನ್ನು ನೋಡುತ್ತಾರೆ ಎಂಬುದೆಲ್ಲ ಆ ಒಂದೇ ಮಾತಿನಲ್ಲಿ ಬಂದಿತ್ತು. ನಾನು ಡೈರಿಯಲ್ಲಿ ಬರೆದುಕೊಂಡದ್ದು ಅಳತೆ ಮತ್ತು ತಾರೀಕು.

ಯಾವ ಕೆಂಪು ಎಂದು ಕೇಳಿದೆ. ಸಾಡೊ ಇದ್ದರೆ ಒಂದು ಅಂಚು ತೋರಿಸಿ ಎಂದೆ. ಅವರು ಖಾಲಿ ಟವೆಲನ್ನು ಮಡಚತೊಡಗಿದರು. "ಅದು ಮಮ್ಮಿಯ ಜೊತೆ ಹೋಯಿತು. ಅದರಲ್ಲೇ ಮಣ್ಣು ಮಾಡಬೇಕು ಅಂತ ಹೇಳಿದ್ದರು." ಆಮೇಲೆ ತಾವೇ ಸಾವರಿಸಿಕೊಂಡು, "ಕೆಂಪು ಅಂದ್ರೆ ಕೆಂಪು ಮೇಡಂ. ಹರೇಕಳ ಮೆಣಸು ಒಣಗ್ಲಿಕ್ಕೆ ಹಾಕ್ತಾರಲ್ಲ ಅಂಗಳದಲ್ಲಿ, ಹಾಗೆ ಝಗ್ ಅಂತ," ಎಂದರು.

ಸ್ಕ್ಯಾನ್ ಮಾಡಿ ಮಾನಿಟರಿನಲ್ಲಿ ದೊಡ್ಡದಾಗಿ ತೆರೆದಾಗ ಸೀರೆ ಝಗ್ ಎನ್ನುವಂತಿರಲಿಲ್ಲ. ಕೆಂಪಿನ ಅಡಿಯಲ್ಲಿ ಮಸಿಯಂಥ ಕಪ್ಪು ಹರಡಿತ್ತು. ಹಳೆಯದಾಗಿ ಮಂಕಾಗಿದೆ ಎಂದುಕೊಂಡೆ. ನಾಲ್ಕು ದಿನ ಕೂತು, ನೀರಿನ ಕಲೆ ಮತ್ತು ಹುಳದ ತೂತುಗಳ ಜೊತೆಗೆ, ಆ ಕಪ್ಪನ್ನೂ ಸೀರೆಯಿಂದ ಹಿಂಡಿ ತೆಗೆದೆ. ಮಗಳು ಹೇಳಿದ ಮೆಣಸಿನ ಕೆಂಪು ಪರದೆಯ ಮೇಲೆ ಬಂತು. ಜರಿಯ ಸಣ್ಣ ಹೂಗಳು ಹಳದಿಯಾಗಿ ಮೂಡಿದವು. ನನಗೆ ಖುಷಿಯಾಯಿತು.

ಇನ್ನು ಕಾಗದಕ್ಕೆ ತರುವ ಕೆಲಸ. ಮಾನಿಟರಿಗೆ ತನ್ನದೇ ಬೆಳಕಿದೆ, ಕಾಗದಕ್ಕೆ ಇಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು ಒಂದೇ ಎನಿಸಬೇಕಾದರೆ ಮೊದಲು ಕಾಗದಕ್ಕೆ ಒಂದು ನಂಬಬಹುದಾದ ಬೆಳಕು ಕೊಡಬೇಕು. ಅದಕ್ಕೇ ಮೂಲೆಯಲ್ಲಿ ಒಂದು ಗೂಡು ಮಾಡಿಸಿದ್ದೇನೆ. ಮೂರು ಬದಿ ಬೂದು ಹಲಗೆ, ಮೇಲೆ ಎರಡು ವಿಶೇಷ ಟ್ಯೂಬು, ಐದು ಸಾವಿರ ಕೆಲ್ವಿನ್ನಿನವು. ಹೆಚ್ಚು ಹಳದಿಯೂ ಅಲ್ಲದ ಹೆಚ್ಚು ನೀಲಿಯೂ ಅಲ್ಲದ ಬೆಳಕು. ಟ್ಯೂಬು ಹಾಕಿ ಹತ್ತು ನಿಮಿಷ ಕಾಯಬೇಕು, ಬಿಸಿಯಾಗುವ ತನಕ ಅದು ಸುಳ್ಳು ಹೇಳುತ್ತದೆ. ಆಮೇಲೆ ಒಂದು ಖಾಲಿ ಕಾಗದವನ್ನು ಗೂಡಿನಲ್ಲಿಟ್ಟು, ಮಾನಿಟರಿನಲ್ಲಿ ಖಾಲಿ ಬಿಳಿ ತೆರೆದು, ಪರದೆಯ ಬೆಳಕನ್ನು ಇಳಿಸುತ್ತ ಹೋಗುವುದು, ಎರಡೂ ಬಿಳಿ ಒಂದೇ ಎನಿಸುವ ತನಕ. ಅಂಗಡಿಯಿಂದ ಬಂದ ಮಾನಿಟರು ಯಾವಾಗಲೂ ಬೇಕಾದ್ದಕ್ಕಿಂತ ಎರಡು ಪಟ್ಟು ಪ್ರಕಾಶವಾಗಿರುತ್ತದೆ. ಅದನ್ನು ನಂಬಿದವರು ಪ್ರಿಂಟು ಕಪ್ಪಾಯಿತು ಎಂದು ಪ್ರಿಂಟರಿಗೆ ಬೈಯುತ್ತಾರೆ. ಬಣ್ಣ ಅಳೆಯುವ ಸಾಧನವನ್ನು ಪರದೆಗೆ ಅಂಟಿಸಿ ಲೆಕ್ಕ ತಾಳೆ ಹಾಕುವುದೂ ಉಂಟು. ಆದರೆ ಕೊನೆಯ ಮಾತು ಕಣ್ಣಿನದು.

ಈ ಗೂಡಿನ ಮುಂದೆ ಕೂತಾಗಲೆಲ್ಲ ನನಗೆ ಹಂಪನಕಟ್ಟೆಯ ಹಳೆಯ ಸ್ಟುಡಿಯೋ ನೆನಪಾಗುತ್ತದೆ. ಕೆಲಸ ಕಲಿತದ್ದು ಅಲ್ಲಿ. ಮಾಡಿನಲ್ಲಿ ಒಂದೇ ಒಂದು ಗಾಜಿನ ಹಂಚು ಇತ್ತು. ಅದರ ನೇರ ಕೆಳಗೆ ಒಂದು ಮರದ ಸ್ಟ್ಯಾಂಡು. ಬೆಳಿಗ್ಗೆ ಹತ್ತರಿಂದ ಹನ್ನೊಂದೂವರೆಯ ಒಳಗೆ, ಆ ಬೆಳಕಿನ ಚೌಕದಲ್ಲಿ ಇಟ್ಟು ನೋಡದೆ ಸ್ಟುಡಿಯೋದ ಧಣಿ ಒಂದು ಪ್ರಿಂಟನ್ನೂ ಹೊರಗೆ ಬಿಡುತ್ತಿರಲಿಲ್ಲ. ಮೋಡ ಇದ್ದರೆ ಗಿರಾಕಿಗೆ ನಾಳೆ ಬನ್ನಿ ಎನ್ನುತ್ತಿದ್ದರು. ಸ್ಟ್ಯಾಂಡಿನ ಸುತ್ತ ನಾವು ನಾಲ್ವರು ತಲೆ ಸೇರಿಸಿ ನಿಲ್ಲುತ್ತಿದ್ದೆವು. ಧಣಿಯ ನಶ್ಯದ ವಾಸನೆ, ಫೋಟೋ ತೊಳೆಯುವ ಫಿಕ್ಸರಿನ ಹುಳಿ ವಾಸನೆ, ಹೊರಗೆ ಬಸ್ಸಿನ ಕಂಡಕ್ಟರನ ಕೂಗು. ಅಂಥ ಶುದ್ಧ ಬೆಳಕನ್ನು ಆಮೇಲೆ ಎಲ್ಲೂ ಕಾಣಲಿಲ್ಲ ಎಂದು ಬಹಳ ಜನರಿಗೆ ಹೇಳಿದ್ದೇನೆ. ಒಮ್ಮೆ ಆ ಕಾಲದ ಡೈರಿ ತೆಗೆದು ನೋಡಿದೆ. "ಇವತ್ತೂ ಎಲ್ಲ ಮುಖ ಹಸಿರು. ಹಂಚಿನ ಪಾಚಿ ತೊಳೆಯಲು ಯಾರಿಗೂ ಪುರುಸೊತ್ತಿಲ್ಲ." ಅಕ್ಷರ ನನ್ನದೇ.

ಮೊದಲ ಪ್ರಿಂಟು ಗೂಡಿನಲ್ಲೂ ಪರದೆಯಲ್ಲೂ ಒಂದೇ ಥರ ಕಂಡಿತು. ಮಗಳು ಬಂದು ನೋಡಿ ಕಣ್ಣು ಒರೆಸಿಕೊಂಡರು. "ಮಮ್ಮಿ ಈಗ ಮೆಟ್ಟಿಲು ಇಳಿದು ಬಂದ ಹಾಗೆ ಉಂಟು."

ಮೂರನೆಯ ದಿನ ಫೋನು ಬಂತು.

"ಮೇಡಂ, ಪಪ್ಪ ಒಪ್ತಾ ಇಲ್ಲ. ಇದು ಬೆಳಿಗ್ಗಿನ ಫೋಟೋ ಅಂತಾರೆ."

"ಅಂದ್ರೆ?"

"ಬಿಳಿ ಸೀರೆಯದ್ದು. ಸಂಜೆಯದ್ದು ಎಲ್ಲಿ ಅಂತ ಕೇಳ್ತಾರೆ. ನಾನು ಇಳಿಸಿ, ಕೈಯಲ್ಲಿ ಹಿಡಿದು ತೋರಿಸಿದೆ. ಹೌದು, ಇದು ಸರಿ ಉಂಟು ಅಂದ್ರು. ತೂಗಿಸಿದ ಮೇಲೆ ಪುನಃ ಅದೇ ರಾಗ."

ನಾನು ಟ್ಯೂಬ್‌ಲೈಟಿನ ಮೇಲೆ ತಪ್ಪು ಹೊರಿಸಿದೆ. ಮನೆಗಳ ಬಿಳಿ ಟ್ಯೂಬು ನೀಲಿಗೆ ವಾಲಿರುತ್ತದೆ, ಅದರಡಿ ಕೆಂಪು ಸೊರಗುತ್ತದೆ. ಎರಡನೆಯ ಪ್ರಿಂಟಿನಲ್ಲಿ ಸೀರೆಯಲ್ಲಿ ಉಳಿದಿದ್ದ ಅಷ್ಟಿಷ್ಟು ಕಪ್ಪನ್ನೂ ತೆಗೆದು, ಕೆಂಪನ್ನು ಇನ್ನೂ ಏರಿಸಿದೆ. ಗೂಡಿನಲ್ಲಿ ಅದು ಕಣ್ಣಿಗೆ ಹೊಡೆಯುವಷ್ಟಿತ್ತು.

ಆ ಪ್ರಿಂಟು ಹೋದ ಮೇಲೆ ಮಗಳು ಫೋನು ಮಾಡಲಿಲ್ಲ, ಅವರೇ ಬಂದರು. ಕುರ್ಚಿಯಲ್ಲಿ ಕೂತು ಬ್ಯಾಗನ್ನು ಮಡಿಲಲ್ಲಿ ಒತ್ತಿ ಹಿಡಿದುಕೊಂಡಿದ್ದರು.

"ಇನ್ನೂ ಬೆಳ್ಳಗಾಗಿದೆ ಅಂತಾರೆ."

"ಬೆಳ್ಳಗಾ?"

"ನಾವು ಫೋಟೋ ಬದಲಾಯಿಸ್ತೇವೆ ಅಂತೆ ಮೇಡಂ. ಒಮ್ಮೆ ಸರಿ ಅಂತಾರೆ, ಒಮ್ಮೆ ತಪ್ಪು ಅಂತಾರೆ. ನಿನ್ನೆ ನನ್ನ ಹತ್ತಿರ, 'ನಿನ್ನ ಮಮ್ಮಿಯ ಸಾಡೊ ಯಾಕೆ ಬಿಚ್ಚಿಸಿದೆ' ಅಂದ್ರು." ಅವರು ಬ್ಯಾಗಿನ ಜಿಪ್ಪು ಎಳೆದು ಮತ್ತೆ ಹಾಕಿದರು. "ಇಪ್ಪತ್ತಾರು ವರ್ಷ ವಾರ್ಡಿನಲ್ಲಿ ನೋಡಿದ್ದೇನೆ. ಶುರುವಾಗುವುದು ಹೀಗೇ. ಅತ್ತಾವರದಲ್ಲಿ ಡಾಕ್ಟರರ ಅಪಾಯಿಂಟ್‌ಮೆಂಟ್ ತಕ್ಕೊಂಡಿದ್ದೇನೆ."

"ಬೇರೆ ಏನಾದರೂ ಮರೆಯುತ್ತಾರಾ?"

"ಇಲ್ಲ. ತೆರ್ಸ್ ನಡೆಸುವುದು ಅವರೇ. ಒಂದು ಮಾತು ಹೆಚ್ಚುಕಡಿಮೆ ಆಗುವುದಿಲ್ಲ. ಅದೊಂದು ಬಾಯಿಪಾಠ ಅಲ್ವಾ, ಕೊನೆಗೆ ಹೋಗುವುದು ಅದು."

ನಾನು ತಲೆಯಾಡಿಸಿದೆ. ಈ ತಲೆಯಾಡಿಸಿದ್ದು ಡೈರಿಯಲ್ಲಿಲ್ಲ, ಆದರೆ ಅದರ ಬಗ್ಗೆ ನನಗೆ ಅನುಮಾನವಿಲ್ಲ. ನನ್ನ ಗೂಡು ಸರಿ, ಮಾನಿಟರು ಸರಿ, ಆದ್ದರಿಂದ ಮುದುಕರ ತಲೆ ಸರಿಯಿಲ್ಲ ಎಂದು ನಂಬುವುದು ನನಗೆ ಬಹಳ ಅನುಕೂಲವಾಗಿತ್ತು. ಫೋಟೋ ಕೈಯಲ್ಲಿದ್ದಾಗ ಸರಿ, ಗೋಡೆಗೆ ಹೋದಾಗ ತಪ್ಪು ಎಂದು ಮೊದಲ ಫೋನಿನಲ್ಲೇ ಹೇಳಿದ್ದರು. ಎರಡನೆಯ ಸಲಕ್ಕೆ ಅದು "ಒಮ್ಮೆ ಸರಿ, ಒಮ್ಮೆ ತಪ್ಪು" ಎಂದಾಗಿತ್ತು. ಮಾತು ಬದಲಾದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಅವರು ಹೋದ ಮೇಲೆ ಎಲ್ಲವನ್ನೂ ಮೊದಲಿಂದ ಪರೀಕ್ಷಿಸಿದೆ. ಸಾಧನ ಹಚ್ಚಿ ಮಾನಿಟರನ್ನು ಮತ್ತೆ ಅಳೆದೆ. ಗೂಡಿನ ಟ್ಯೂಬು ಬದಲಿಸಿದೆ. ಕೊನೆಗೆ ಅನುಮಾನ ನನ್ನ ಕಣ್ಣಿನ ಮೇಲೇ ತಿರುಗಿತು. ಐವತ್ತು ದಾಟಿದ ಮೇಲೆ ಕಣ್ಣಿನ ಮಸೂರವೂ ಹಳದಿಗಟ್ಟುತ್ತದೆ. ಮರುದಿನ ಹಳೆಯ ಚಿತ್ರವನ್ನೂ ಹೊಸ ಪ್ರಿಂಟಿನ ಇನ್ನೊಂದು ಪ್ರತಿಯನ್ನೂ ಹಿಡಿದು, ಎರಡು ಗಲ್ಲಿ ಹಿಂದೆ ಇರುವ ಧಣಿಯ ಮನೆಗೆ ಹೋದೆ. ಅವರಿಗೆ ಈಗ ಎಂಬತ್ತು ದಾಟಿದೆ. ಚಾವಡಿಯಲ್ಲಿ ಭೂತಗನ್ನಡಿ ಹಿಡಿದು ಪೇಪರಿನಲ್ಲಿ ಮರಣದ ಜಾಹೀರಾತು ಓದುತ್ತಿದ್ದರು. ನಾವು ಮಾತಾಡಿದ್ದು ತುಳುವಿನಲ್ಲಿ. ಕನ್ನಡಕ್ಕೆ ತರುವಾಗ ಅದರ ಖಾರ ಸ್ವಲ್ಪ ಇಳಿದಿದೆ.

"ಓ, ಎಮ್ಮೆಸ್ಸಿ ಬಂದ್ಳು. ಎಂತ, ಕಂಪ್ಯೂಟರು ಕೈ ಕೊಟ್ಟಿತಾ?" ಭೌತಶಾಸ್ತ್ರದ ಪದವಿ ಹಿಡಿದು ಅವರ ಕತ್ತಲೆ ಕೋಣೆಗೆ ಸೇರಿದ ದಿನದಿಂದ ನಾನು ಅವರಿಗೆ ಎಮ್ಮೆಸ್ಸಿಯೇ.

ಚಿತ್ರದ ಹಿಂದಿನ ಸ್ಟುಡಿಯೋ ಮುದ್ರೆಯನ್ನು ಹುಳ ತಿಂದಿತ್ತು. ಅದು ನಮ್ಮ ಸ್ಟುಡಿಯೋದ್ದೇ, ಬಣ್ಣ ಹಚ್ಚಿದ್ದು ಧಣಿಯೇ ಎಂದು ನಾನು ಅಷ್ಟರಲ್ಲಿ ಮನಸ್ಸಿನಲ್ಲೇ ಸಾಬೀತು ಮಾಡಿಕೊಂಡಿದ್ದೆ.

"ಇದು ನಿಮ್ಮ ಕೈಯಲ್ವಾ ಧಣಿ?"

ಅವರು ಭೂತಗನ್ನಡಿಯಲ್ಲಿ ನೋಡಿದರು. "ನನ್ನದಾ? ಛೆ. ತುಟಿ ನೋಡು, ಎಲೆಅಡಿಕೆ ಜಗಿದ ಹಾಗೆ. ನಾನು ಮದುಮಗಳಿಗೆ ಇಷ್ಟು ಬಣ್ಣ ಬಳಿಯುವವನಲ್ಲ." ಇನ್ನೂ ಸ್ವಲ್ಪ ನೋಡಿ, "ಸೀರೆ ಮಾತ್ರ ಲಾಯ್ಕ ಮಾಡಿದ್ದಾನೆ ಮಾರಾಯ್ತಿ. ಕೆಳಗಿನ ಕಪ್ಪನ್ನು ಕೊಲ್ಲಲಿಲ್ಲ," ಎಂದರು. ಹೊಸ ಪ್ರಿಂಟು ಕೊಟ್ಟೆ. "ಇದು ಚಂದ ಉಂಟು," ಎಂದು ಬೇಗ ತಿರುಗಿ ಕೊಟ್ಟರು.

ಗಿರಾಕಿ ಒಪ್ಪದ ಕತೆ ಹೇಳಿದೆ. ಆಮೇಲೆ, "ನಾವು ಆರ್ಡರಿನ ಕವರಿನ ಮೇಲೆ 'ಗೋಡೆ' ಅಂತ ಒಂದು ಸಾಲು ಬರೆಸ್ತಿದ್ದೆವಲ್ಲ ಧಣಿ, ಫೋಟೋ ತೂಗುವ ಜಾಗದ ಬೆಳಕು ತಿಳಿಯಲಿಕ್ಕೆ. ಅದನ್ನು ನಾನು ಬಿಟ್ಟುಬಿಟ್ಟೆ," ಎಂದೆ.

"ಬೆಳಕಾ?" ಧಣಿ ನಗಲು ಶುರು ಮಾಡಿ ಕೆಮ್ಮಿದರು. "ಅದು ಮೊಳೆಗೆ! ಮಣ್ಣಿನ ಗೋಡೆಯಾದ್ರೆ ಉದ್ದ ಮೊಳೆ, ಕೆಂಪುಕಲ್ಲಿನದ್ದಾದ್ರೆ ಕೊಕ್ಕೆ. ಫ್ರೇಮಿನವ ಕೇಳ್ತಿದ್ದ, ಬರೀತಿದ್ದೆವು. ಬೆಳಕಂತೆ! ಎಮ್ಮೆಸ್ಸಿ ಓದಿದವರಿಗೆ ಎಂತೆಂತದೋ ಕಾಣ್ತದೆ."

ಆ ಕವರಿನ ಕತೆಯನ್ನು, ಧಣಿಯ ದೊಡ್ಡತನಕ್ಕೆ ಉದಾಹರಣೆಯಾಗಿ, ನಾನು ಕಾಲೇಜು ಮಕ್ಕಳ ಮುಂದೆಯೂ ಹೇಳಿದ್ದೇನೆ. ಮುಖ ಬಿಸಿಯಾಯಿತು. ನಾನು ಎದ್ದು ಚಪ್ಪಲಿ ಹಾಕುವಾಗ ಹಿಂದಿನಿಂದ ಅವರೇ ಕರೆದರು. "ಓಯಿ, ಆದ್ರೂ ಹೋಗಿ ನೋಡು. ಬೆಳಕು ಇಲ್ಲದಿದ್ರೆ ಮೊಳೆಯಾದ್ರೂ ಸರಿ ಉಂಟಾ ಅಂತ ಗೊತ್ತಾಗ್ತದೆ."

ಅಪಾಯಿಂಟ್‌ಮೆಂಟಿಗೆ ಇನ್ನು ಎರಡು ದಿನ ಇತ್ತು. ನಾನು ಬೆಳಕಿನ ಮಾಪಕ, ಬೂದು ಕಾರ್ಡು, ಹಳೆಯ ಚಿತ್ರ ಎಲ್ಲ ಚೀಲಕ್ಕೆ ಹಾಕಿಕೊಂಡು ಉಳ್ಳಾಲದ ಬಸ್ಸು ಹತ್ತಿದೆ. ನೇತ್ರಾವತಿಯ ಸೇತುವೆ ದಾಟುವಾಗ ನಾಲ್ಕು ಗಂಟೆಯ ಬಿಸಿಲು ನೀರಿನ ಮೇಲೆ ತಗಡಿನಂತೆ ಬಿದ್ದಿತ್ತು.

ಹಿರಿಯರು ಜಗಲಿಯಲ್ಲಿದ್ದರು. ತೆಳ್ಳಗಿನ ಮೈ, ಇಸ್ತ್ರಿ ಮಾಡಿದ ಅಂಗಿ. ನಾನು ಯಾರೆಂದು ಮಗಳು ಹೇಳುವ ಮೊದಲೇ, "ಫೋಟೋದವರು," ಎಂದರು. ನಲವತ್ತು ವರ್ಷ ಹಂಚಿನ ಕಾರ್ಖಾನೆಯಲ್ಲಿ ಹಂಚು ಸುಡುವ ಗೂಡಿನ ಮೇಸ್ತ್ರಿಯಾಗಿದ್ದವರಂತೆ. ಸುಟ್ಟು ಹೊರಗೆ ಬಂದ ಹಂಚಿನ ಕೆಂಪು ನೋಡಿ ಬೆಂದದ್ದು, ಬೇಯದ್ದು, ಹೆಚ್ಚು ಬೆಂದದ್ದು ಎಂದು ಬೇರ್ಪಡಿಸುವ ಕೆಲಸ. ಅಂದರೆ ಕೆಂಪು ನೋಡುವುದೇ ಅವರ ಉದ್ಯೋಗವಾಗಿತ್ತು. ಇದನ್ನು ಅವರು ಹೇಳಿದಾಗ ನಾನು ಚೀಲದ ಜಿಪ್ಪು ಎಳೆಯುತ್ತ ತಲೆ ತಗ್ಗಿಸಿದೆ.

ಒಳಗೆ ಹಸಿರು ಗೋಡೆ. ಮೂಲೆಯಲ್ಲಿ ಎತ್ತರದಲ್ಲಿ ಆಲ್ತಾರು, ಎಂದರೆ ಮನೆಯ ಪ್ರಾರ್ಥನೆಯ ಪೀಠ. ಶಿಲುಬೆ, ಮಾತೆಯ ವಿಗ್ರಹ, ಪ್ಲಾಸ್ಟಿಕ್ ಹೂ. ಅದರ ಪಕ್ಕದಲ್ಲೇ ನನ್ನ ಪ್ರಿಂಟು. ಎದುರಿಗೆ ತೆರೆದ ಬಾಗಿಲು. ಫ್ರೇಮಿನ ಗಾಜಿನಲ್ಲಿ ಕಂಡದ್ದು ಬಾಗಿಲು, ಅಂಗಳ, ಒಂದು ತೆಂಗಿನ ಮರ. ಮದುಮಗಳು ಕಾಣಲೇ ಇಲ್ಲ. ಟ್ಯೂಬು ಹಾಕಿಸಿದೆ. ಈಗ ಗಾಜಿನಲ್ಲಿ ಟ್ಯೂಬು. ಸ್ಟೂಲು ಹತ್ತಿ ಹತ್ತಿರದಿಂದ ನೋಡಿದೆ. ಸೀರೆ ಕೆಂಪಾಗಿಯೇ ಇತ್ತು. ಮಾಪಕ ಹಿಡಿದೆ, ಅಂಕಿ ಬರೆದುಕೊಂಡೆ. ಟ್ಯೂಬು ನಾನು ಅಂದುಕೊಂಡಷ್ಟು ನೀಲಿಯೂ ಇರಲಿಲ್ಲ. ನನ್ನ ವಿವರಣೆ ಅಲ್ಲಿಗೆ ಮುಗಿಯಿತು.

"ನೋಡಿದ್ರಲ್ಲ ಮೇಡಂ," ಎಂದು ಮಗಳು ತಗ್ಗಿದ ದನಿಯಲ್ಲಿ ಹೇಳಿದರು. "ಫೋಟೋದ್ದು ತಪ್ಪಿಲ್ಲ."

ಕತ್ತಲಾಗುವ ಹೊತ್ತಿಗೆ ಹೊರಡುವೆನೆಂದು ಎದ್ದಾಗ ಹಿರಿಯರು, "ತೆರ್ಸ್ ಮುಗಿಸಿ ಹೋಗಿ. ಅರ್ಧ ಗಂಟೆ. ಆಮೇಲೂ ಬಸ್ ಉಂಟು," ಎಂದರು. ಅವರ ದನಿಯಲ್ಲಿ ಕೋರಿಕೆಗಿಂತ ಮೇಸ್ತ್ರಿತನ ಹೆಚ್ಚಿತ್ತು. ಕೂತೆ.

ಏಳು ಗಂಟೆಗೆ ಮಗಳು ಬಾಗಿಲು ಹಾಕಿ ಟ್ಯೂಬು ಆರಿಸಿದರು.

"ಟ್ಯೂಬ್ ಯಾಕೆ ಆರಿಸಿದ್ದು?"

"ಮಮ್ಮಿಯ ಕಾನೂನು. ಟ್ಯೂಬ್ ಇದ್ರೆ ಹುಳ ಬರ್ತದೆ, ಮಕ್ಕಳು ಹುಳ ನೋಡ್ತಾರೆ, ಪ್ರಾರ್ಥನೆ ಮಾಡುವುದಿಲ್ಲ ಅಂತ. ಮಕ್ಕಳು ಮುದುಕರಾದೆವು, ಕಾನೂನು ಉಳಿಯಿತು."

ಮಾತೆಯ ಪಾದದ ಬಳಿ ಒಂದು ಸಣ್ಣ ಕೆಂಪು ಬಲ್ಬು ಇತ್ತು. ಹಗಲಿಡೀ ಅದು ಉರಿಯುತ್ತಿದ್ದಿರಬೇಕು, ನಾನು ಗಮನಿಸಿರಲಿಲ್ಲ. ಈಗ ಕೋಣೆಯಲ್ಲಿ ಅದೊಂದೇ ಬೆಳಕು. ಹಿರಿಯರು ಅದರ ಕೆಳಗಿನ ಕುರ್ಚಿಯಲ್ಲಿ ಕೂತು ಜಪಸರ ಬಿಡಿಸಿಕೊಂಡರು. ಗಾಜಿನಲ್ಲಿ ಬಾಗಿಲೂ ಇಲ್ಲ, ಟ್ಯೂಬೂ ಇಲ್ಲ. ಇಡೀ ದಿನದಲ್ಲಿ ಮೊದಲ ಬಾರಿಗೆ ಚಿತ್ರ ಸ್ಪಷ್ಟವಾಗಿ ಕಂಡಿತು.

ಮದುಮಗಳು ಬಿಳಿ ಸೀರೆ ಉಟ್ಟಿದ್ದಳು.

ನಾನೇ ನಾಲ್ಕು ದಿನ ಕೂತು ಕೆಂಪು ಮಾಡಿದ ಸೀರೆ. ಕಣ್ಣು ಉಜ್ಜಿಕೊಂಡೆ. ಬಿಳಿಯೇ. ಜರಿಯ ಹೂಗಳೂ ಇಲ್ಲ, ಅವೂ ಆ ಬಿಳುಪಿನಲ್ಲಿ ಅಳಿಸಿಹೋಗಿದ್ದವು. ಕೆಂಪು ಬೆಳಕು ಮಾತ್ರ ಇರುವಲ್ಲಿ ಬಿಳಿ ಕಾಗದ ಎಷ್ಟು ಬೆಳಕು ತಿರುಗಿಸುತ್ತದೋ ಕೆಂಪು ಶಾಯಿಯೂ ಹೆಚ್ಚುಕಡಿಮೆ ಅಷ್ಟನ್ನೇ ತಿರುಗಿಸುತ್ತದೆ. ಕಣ್ಣಿಗೆ ಎರಡೂ ಒಂದೇ. ಬಿ.ಎಸ್ಸಿ. ಮೊದಲ ವರ್ಷದ ಪಾಠ. ಎಷ್ಟೋ ವರ್ಷ ಕೆಂಪು ಬಲ್ಬಿನ ಕತ್ತಲೆ ಕೋಣೆಯಲ್ಲೇ ದುಡಿದವಳು ನಾನು.

ಪ್ರಾರ್ಥನೆ ನಡೆಯುತ್ತಿತ್ತು. ಮೊದಲ ಅರ್ಧ ಹಿರಿಯರು, ಉಳಿದ ಅರ್ಧ ಮಗಳು. ಅದು ಮುಗಿಯುವ ತನಕ ಕಾಯುವುದು ಕಷ್ಟವಾಯಿತು. ಮುಗಿದ ಕೂಡಲೆ ಮಗಳು ಟ್ಯೂಬಿನ ಸ್ವಿಚ್ಚಿಗೆ ಕೈ ಹಾಕಿದರು.

"ಬೇಡ, ಹಾಕಬೇಡಿ," ಎಂದು ಚೀಲದಿಂದ ಹಳೆಯ ಚಿತ್ರ ತೆಗೆದು, ಸ್ಟೂಲು ಹತ್ತಿ ಹೊಸದರ ಪಕ್ಕ ಹಿಡಿದೆ.

ಹಳೆಯದರಲ್ಲಿ ಸೀರೆ ಕಪ್ಪಗೆ, ದಟ್ಟವಾಗಿತ್ತು. ಅದರ ಮೇಲೆ ಜರಿಯ ಹೂಗಳು ಒಂದೊಂದಾಗಿ ಹೊಳೆಯುತ್ತಿದ್ದವು. ಹಚ್ಚಿದ ಕೆಂಪು ಅಲ್ಲೂ ಮಾಯವಾಗಿತ್ತು, ಆದರೆ ಅದರ ಕೆಳಗೆ ಫೋಟೋದ ಮೂಲ ಕಪ್ಪು ಇತ್ತು. ನಾನು ಕೊಳೆ ಎಂದು ಹಿಂಡಿ ತೆಗೆದದ್ದು ಅದನ್ನು.

"ಅದೇ," ಎಂದರು ಹಿರಿಯರು. "ಆ ಬಲಗೈಯಲ್ಲಿ ಹಿಡಿದದ್ದು. ಅದು ಸಂಜೆಯದ್ದು. ಈ ಕಡೆಯದ್ದು ಬೆಳಿಗ್ಗಿನದ್ದು."

ಮಗಳು ಬಹಳ ಹೊತ್ತು ಎರಡನ್ನೂ ನೋಡಿದರು. "ಜೆಜು..." ಎಂದು ಯೇಸುವನ್ನು ನೆನೆದರು. "ನಾನು ದಿನಾ ಇಲ್ಲೇ ಮೊಣಕಾಲೂರಿ ಕೂತಿದ್ದೆ ಮೇಡಂ. ನನಗೆ ಕೆಂಪೇ ಕಾಣ್ತಿತ್ತು."

ಅವರಿಗೆ ಕೆಂಪು ಎಂದು ಗೊತ್ತಿತ್ತು. ಗೊತ್ತಿದ್ದದ್ದನ್ನು ಕಂಡಿದ್ದರು. ಕಣ್ಣಿಗೆ ಬಿದ್ದದ್ದನ್ನು ಬಿದ್ದ ಹಾಗೆ ಹೇಳಿದವರು ಆ ಮನೆಯಲ್ಲಿ ಒಬ್ಬರೇ.

"ಡಾಕ್ಟರರ ಅಪಾಯಿಂಟ್‌ಮೆಂಟು ಯಾವಾಗ?" ಹಿರಿಯರು ಕೇಳಿದರು.

"ಶುಕ್ರವಾರ," ಮಗಳ ದನಿ ಸಣ್ಣದಾಗಿತ್ತು.

"ಕ್ಯಾನ್ಸಲ್ ಮಾಡಬೇಡ. ನೀನು ಹೋಗಿ ಕಣ್ಣು ತೋರಿಸಿ ಬಾ."

ಮೂವರೂ ನಕ್ಕೆವು. ಮಗಳು ನಗುತ್ತಲೇ ಸೆರಗಿನಿಂದ ಮುಖ ಮುಚ್ಚಿಕೊಂಡರು. ಆಮೇಲೆ, ಕೆಲಸ ಗೊತ್ತಿರುವ ನರ್ಸಿನಂತೆ, ಸುಲಭದ ದಾರಿ ಹುಡುಕಿದರು. "ಬಲ್ಬ್ ಬದಲಾಯಿಸಿದ್ರೆ ಆಯ್ತಲ್ಲ ಪಪ್ಪ. ಬಿಳಿದು ಹಾಕುವ. ಇವರ ಕೆಲಸವೂ ಹಾಳಾಗುವುದಿಲ್ಲ."

ನಾನೂ ಒಳಗೊಳಗೆ ಅದನ್ನೇ ಬಯಸಿದ್ದೆ ಎಂದು ಇಲ್ಲಿ ಬರೆಯಬೇಕು. ನನ್ನ ಕೆಂಪು ನನಗೆ ಇಷ್ಟವಾಗಿತ್ತು.

"ಬಲ್ಬು ಬೇಡ," ಎಂದರು ಹಿರಿಯರು. "ಅದು ಅವಳು ಇಟ್ಟದ್ದು."

ಸೇತುವೆ ದಾಟಿ ಬರುವಾಗ ತೀರ್ಮಾನವಾಗಿತ್ತು. ಈ ಪ್ರಿಂಟನ್ನು ಮಾನಿಟರಿಗೆ ಹೊಂದಿಸುವುದಿಲ್ಲ, ಗೂಡಿಗೂ ಹೊಂ‌ದಿಸುವುದಿಲ್ಲ. ಆ ಬಲ್ಬಿಗೆ ಹೊಂದಿಸುವುದು. ಮರುದಿನ ಎಲೆಕ್ಟ್ರಿಕಲ್ ಅಂಗಡಿಯಿಂದ ಅಂಥದ್ದೇ ಕೆಂಪು ಬಲ್ಬು ತಂದು ಗೂಡಿನ ಪಕ್ಕ ತೂಗುಹಾಕಿದೆ. ಬೂದು ಕೋಣೆಗೆ ಅದು ಕುಂಕುಮ ಇಟ್ಟ ಹಾಗೆ ಕಂಡಿತು. ಅದೃಷ್ಟಕ್ಕೆ ಮೊದಲ ಸ್ಕ್ಯಾನನ್ನು ಅಳಿಸಿರಲಿಲ್ಲ. ಅದರಿಂದ ಸೀರೆಯ ಕಪ್ಪನ್ನು ಬೇರೆ ಪದರವಾಗಿ ಎತ್ತಿ, ಕೆಂಪಿನ ಅಡಿಯಲ್ಲಿ ಮತ್ತೆ ಹಾಸಿದೆ. ಧಣಿ ಹೇಳಿದ, ಕೊಲ್ಲದ ಕಪ್ಪು. ಅಂಗೈ ಅಗಲದ ತುಂಡುಗಳಲ್ಲಿ ಪ್ರಯೋಗ ಮಾಡಿದೆ. ಕಪ್ಪು ನೂರಕ್ಕೆ ಹತ್ತರಷ್ಟು, ಇಪ್ಪತ್ತರಷ್ಟು, ಮೂವತ್ತೈದರಷ್ಟು, ಐವತ್ತರಷ್ಟು. ಹತ್ತರಲ್ಲಿ ಸೀರೆ ಇನ್ನೂ ಬಿಳಿ. ಇಪ್ಪತ್ತರಲ್ಲಿ ಒದ್ದೆ ಬಟ್ಟೆಯಂತೆ. ಐವತ್ತರಲ್ಲಿ ಬಲ್ಬಿನ ಕೆಳಗೆ ಚೆನ್ನಾಗಿತ್ತು, ಆದರೆ ಹಗಲಿಗೆ ಇಟ್ಟರೆ ಕೆಂಪೇ ಸತ್ತಿತ್ತು. ಮಡಿಕೆಗಳಲ್ಲಿ ಐವತ್ತರ ಹತ್ತಿರ, ಬಯಲಿನಲ್ಲಿ ಮೂವತ್ತೈದು, ಜರಿಯ ಹೂಗಳಲ್ಲಿ ಸೊನ್ನೆ ಎಂದು ಬೇರೆಬೇರೆ ಮಾಡಬೇಕಾಯಿತು. ಪ್ರತಿ ತುಂಡನ್ನೂ ಒಣಗಲು ಬಿಟ್ಟು, ಮೊದಲು ಕೆಂಪು ಬಲ್ಬಿನಲ್ಲಿ, ಆಮೇಲೆ ಗೂಡಿನಲ್ಲಿ, ಆಮೇಲೆ ಕಿಟಕಿಯ ಪರದೆ ಸರಿಸಿ ಬಿಸಿಲಿನಲ್ಲಿ ನೋಡಿದೆ. ಹೂಗಳ ಅಂಚಿಗೆ ಕಪ್ಪು ಸೋರಿದಲ್ಲೆಲ್ಲ ಒಂದೊಂದನ್ನೇ ಕೈಯಿಂದ ಬಿಡಿಸಿದೆ. ನೂರಕ್ಕೂ ಹೆಚ್ಚು ಹೂಗಳಿದ್ದವು. ಯಾರೋ ಒಬ್ಬ ಸ್ಟುಡಿಯೋದವನು, ಧಣಿಯಲ್ಲದವನು, ಹತ್ತಿ ಸುತ್ತಿದ ಕಡ್ಡಿಯಿಂದ ಇವನ್ನು ಬಿಡಿಸಿ ಬಣ್ಣ ಹಚ್ಚುವಾಗ ಎಷ್ಟು ಸಂಜೆಗಳು ಹೋಗಿರಬಹುದು ಎಂದುಕೊಂಡೆ.

ಮಾನಿಟರಿನಲ್ಲಿ ಕೊನೆಯ ಚಿತ್ರ ಚೆನ್ನಾಗಿರಲಿಲ್ಲ. ಮಂಕು. ಅಂಥದ್ದನ್ನು ಬೇರೆ ಯಾರಾದರೂ ಕಳಿಸಿದ್ದರೆ ತಿರುಗಿ ಕಳಿಸುತ್ತಿದ್ದೆ. ಪ್ರಿಂಟ್ ಗುಂಡಿ ಒತ್ತುವ ಮೊದಲು ಎರಡು ಸಲ ಕೈ ಹಿಂದೆ ತೆಗೆದುಕೊಂಡೆ. ಆಮೇಲೆ ಮಾನಿಟರನ್ನೇ ಆರಿಸಿ ಒತ್ತಿದೆ.

ಗೂಡಿನಲ್ಲಿ ಒಣಗಿದ ಮೇಲೆ ಸೀರೆ ಪುನರ್ಪುಳಿ ಹಣ್ಣಿನ ಬಣ್ಣಕ್ಕೆ ಬಂದಿತ್ತು. ಗಟ್ಟಿ ಶರಬತ್ತನ್ನು ಗ್ಲಾಸಿನಲ್ಲಿ ಹೊಯ್ದಾಗ ತಳದಲ್ಲಿ ಕಾಣುವ ಕೆಂಪು. ಹಳೆಯ ಚಿತ್ರವನ್ನು ಪಕ್ಕದಲ್ಲಿಟ್ಟೆ. ಅದರ ಬಣ್ಣವೂ ಅದೇ. ಮೊದಲ ದಿನದಿಂದ ಅದು ಅದೇ ಬಣ್ಣದಲ್ಲಿ ನನ್ನ ಮೇಜಿನ ಮೇಲಿತ್ತು.

ಬೆಳಿಗ್ಗಿನ ಬೆಳಕಿನಲ್ಲಿ ಅದನ್ನು ಕೈಗೆ ಕೊಟ್ಟಾಗ ಹಿರಿಯರು ಅಂಚು ಹಿಡಿದು ಓರೆ ಮಾಡಿ ನೋಡಿ, "ಈಗ ಬೆಂದಿದೆ," ಎಂದರು. ಮಗಳು ಒಮ್ಮೆ, "ಮಮ್ಮಿಯ ಸಾಡೊ ಇಷ್ಟು ಗಾಢ ಇತ್ತಾ?" ಎಂದು ಕೇಳಿ, ತಾವೇ, "ನಾನು ನೋಡಿದ್ದು ಪೆಟ್ಟಿಗೆಯೊಳಗೆ, ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕುವಾಗ," ಎಂದರು. ನಿಜವಾದ ಸಾಡೊದ ಬಣ್ಣ ಯಾವುದು ಎಂಬುದು ಈಗ ಯಾರಿಗೂ ಗೊತ್ತಾಗುವ ಹಾಗಿಲ್ಲ. ಈ ಪ್ರಿಂಟು ಅದಕ್ಕೆ ಸಾಕ್ಷಿ ಎಂದು ನಾನು ಹೇಳುವುದಿಲ್ಲ.

ವರ್ಷದ ಪೂಜೆಯ ಹಿಂದಿನ ಸಂಜೆ ತೆರ್ಸಿಗೆ ನನ್ನನ್ನೂ ಕರೆದಿದ್ದರು. ಆ ದಿನದ ಡೈರಿಯಲ್ಲಿ ಇರುವುದು ಒಂದೇ ಪದ: "ಒಪ್ಪಿದರು." ಅವರು ಬಾಯಿಬಿಟ್ಟು ಒಪ್ಪಿದ ನೆನಪು ನನಗಿಲ್ಲ. ನೆನಪಿರುವುದು ಇಷ್ಟು, ಇದನ್ನೂ ಪೂರ್ತಿ ನಂಬಬೇಕಾಗಿಲ್ಲ. ಮಗಳು ಟ್ಯೂಬು ಆರಿಸಿದರು. ಕೆಂಪು ಬಲ್ಬಿನ ಕೆಳಗೆ ಮದುಮಗಳು ದಟ್ಟ ಸೀರೆಯಲ್ಲಿ, ಹೊಳೆಯುವ ಹೂಗಳ ಜೊತೆ, ಗಂಡನ ಹೆಗಲ ಹಿಂದೆ ನಿಂತಿದ್ದಳು. ಹಿರಿಯರು ಕುರ್ಚಿಯನ್ನು ಒಂದು ಗೇಣು ಮುಂದಕ್ಕೆ ಎಳೆದುಕೊಂಡು ಪ್ರಾರ್ಥನೆ ಶುರು ಮಾಡಿದರು. ಮೊದಲ ಹತ್ತು ಮಣಿ ಮುಗಿಯಿತು. ಎರಡನೆಯದನ್ನು ಅವರು ಎತ್ತಬೇಕಿತ್ತು, ಎತ್ತಲಿಲ್ಲ. ತಲೆ ಎತ್ತಿ ಮದುಮಗಳನ್ನೇ ನೋಡುತ್ತಿದ್ದರು, ಜಪಸರ ಬೆರಳಲ್ಲೇ ನಿಂತಿತ್ತು. ಎಲ್ಲಿಯವರೆಗೆ ಬಂದೆವು ಎಂಬುದನ್ನು ಅವರು ಮರೆತಿದ್ದರು.

ಮಗಳು ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ಏನೂ ಆಗಲಿಲ್ಲ ಎನ್ನುವಂತೆ, ಮೆಲ್ಲಗೆ, ತಂದೆಯ ಪಾಲಿನ ಮಾತನ್ನು ತಾವೇ ಎತ್ತಿಕೊಂಡರು.